ಬಿಳಿ ದಾರದ ಕರು

ನಾನು ಮದುವೆಯಾಗಿ ಬಂದ ವರ್ಷ ನಡೆದದ್ದು ಇದು. ಅರುವತ್ತೊಂದು ಎಂದು ನಾನು ಹೇಳುತ್ತೇನೆ, ನಮ್ಮವರು ಕೊನೆಯವರೆಗೂ ಅರುವತ್ತೆರಡು ಎಂದೇ ವಾದಿಸುತ್ತಿದ್ದರು. ಇಬ್ಬರ ಹತ್ತಿರವೂ ಪುರಾವೆ ಇರಲಿಲ್ಲ. ಆ ವರ್ಷ ನಮ್ಮ ಮನೆಗೆ ಬರುತ್ತಿದ್ದ ದನದ ಡಾಕ್ಟರರ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಮಡ್ಗಾರ್ಡ್ ಇರಲಿಲ್ಲ, ಅವರ ಅಂಗಿಯ ಬೆನ್ನಿನ ಮೇಲೆ ಕೆಸರಿನ ಒಂದು ಉದ್ದ ಗೆರೆ ಯಾವಾಗಲೂ ಇರುತ್ತಿತ್ತು. ಅದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ವರ್ಷ ಮಾತ್ರ ಕಟ್ಟಿಲ್ಲ. ನನ್ನ ನೆನಪು ಬೇಡದ್ದನ್ನು ಇಟ್ಟುಕೊಂಡು ಬೇಕಾದ್ದನ್ನು ಬಿಟ್ಟಿದೆ. ಕೆಲವು ಕಡೆ ತಾನೇ ಏನೋ ಸೇರಿಸಿಯೂ ಇದೆ. ಸೇರಿಸಿದ್ದು ನನಗೆ ಗೊತ್ತಾದ ಕಡೆ ಹೇಳುತ್ತೇನೆ.

ನನ್ನ ತವರು ಚಾರ್ಮಾಡಿ ಘಾಟಿಯ ಬುಡದ ಕಕ್ಕಿಂಜೆ. ಕೊಟ್ಟದ್ದು ಮೂಡಬಿದ್ರೆ ಹತ್ತಿರದ ಶಿರ್ತಾಡಿಗೆ. ಗದ್ದೆ ಬೇಸಾಯದ ಮನೆ. ಗದ್ದೆ ಎಂದ ಮೇಲೆ ಉಳುವುದಕ್ಕೆ ಕೋಣಗಳು ಬೇಕು. ನಮ್ಮ ಜೋಡಿಯಲ್ಲಿ ಒಂದಕ್ಕೆ ವಯಸ್ಸಾಗಿತ್ತು, ಕೆಸರಿನಲ್ಲಿ ಕಾಲು ಎಳೆಯುತ್ತಿತ್ತು. ಅದರ ಜಾಗಕ್ಕೆ ಹಟ್ಟಿಯಲ್ಲೇ, ಎಂದರೆ ನಮ್ಮ ಕೊಟ್ಟಿಗೆಯಲ್ಲೇ, ಒಂದು ಗಂಡು ಕರು ಬೆಳೆಯಬೇಕು ಎಂದು ಎಲ್ಲರೂ ಕಾಯುತ್ತಿದ್ದರು. ಆದರೆ ಎಮ್ಮೆ ಹಾಕಿದ ಎರಡು ಗಂಡು ಕರುಗಳು ಒಂದಾದ ಮೇಲೊಂದು ಸತ್ತಿದ್ದವು. ಎರಡೂ ಚಳಿಗಾಲದಲ್ಲಿ ಹುಟ್ಟಿ ಬೇಸಗೆ ಕಾಣದೆ ಹೋದವು. ಮೊದಲು ಹೊಟ್ಟೆ ಡೋಲಿನ ಹಾಗೆ ಉಬ್ಬುತ್ತದೆ, ರೋಮ ನಿಗುರುತ್ತದೆ, ಸಗಣಿ ಜೇಡಿಮಣ್ಣಿನ ಹಾಗೆ ಬೆಳ್ಳಗಾಗಿ ನಾರುತ್ತದೆ. ಆಮೇಲೆ ಒಂದು ದಿನ ತಾಯಿಯ ಕೆಚ್ಚಲಿಗೆ ಬಾಯಿ ಹಾಕುವುದಿಲ್ಲ. ಹೊಟ್ಟೆಯ ಹುಳ ಎಂದು ಎಲ್ಲರಿಗೂ ಗೊತ್ತಿತ್ತು. ಏನು ಮಾಡಬೇಕೆಂದು ಗೊತ್ತಿರಲಿಲ್ಲ.

ನಾನು ಬಂದ ವರ್ಷ ಮಳೆ ಹಿಡಿಯುವ ಹೊತ್ತಿಗೆ ಎಮ್ಮೆ ಮತ್ತೆ ಗಂಡು ಕರು ಹಾಕಿತು. ಕಪ್ಪಗೆ, ಅಗಲ ಹಣೆಯದ್ದು. ಕಾಡುಕೋಣದ ಹಾಗಿದೆ ಎಂದು ಅದಕ್ಕೆ ಕಾಟಿ ಎಂದೇ ಹೆಸರಿಟ್ಟೆವು. ಮೂರು ವಾರ ತುಂಬುವ ಮೊದಲೇ ಕಾಟಿಯ ಹೊಟ್ಟೆ ಉಬ್ಬತೊಡಗಿತು.

ಡಾಕ್ಟರು ಬಂದದ್ದು ಆಗ. ಪುಟ್ಟಸ್ವಾಮಿ ಎಂದು ಹೆಸರು, ಮೈಸೂರಿನ ಕಡೆಯವರು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷವಾಗಿತ್ತು, ಆ ಕಡೆಯ ಅಧಿಕಾರಿಗಳು ಒಬ್ಬೊಬ್ಬರೇ ಬರುತ್ತಿದ್ದರು. ಅಂಗಳದಲ್ಲಿ ಸೈಕಲ್ ನಿಲ್ಲಿಸಿ ಅವರು ಕಾಲ್ಚೀಲದಿಂದ ಜಿಗಣೆ ಕೀಳುತ್ತಿದ್ದರು. ನನ್ನ ಅತ್ತೆ ಜಗಲಿಯಲ್ಲಿ ವೀಳ್ಯ ಹಾಕುತ್ತಾ ಕೂತಿದ್ದರು. ನಾವು ತುಳುವಿನಲ್ಲಿ ಅತ್ತೆಯನ್ನು ಮಾಮಿ ಎಂದು ಕರೆಯುವುದು.

"ಯಾರು ಇದು? ವಸೂಲಿಯವನಾ?" ಎಂದು ಮಾಮಿ ತುಳುವಿನಲ್ಲಿ ಕೇಳಿದರು.

"ದನದ ಡಾಕ್ಟ್ರಂತೆ. ಮೈಸೂರಿನವರು," ಎಂದರು ನಮ್ಮವರು.

"ಮೈಸೂರಿನಲ್ಲಿ ದನ ಇಲ್ವಂತಾ? ಇಲ್ಲಿವರೆಗೆ ಯಾಕೆ ಬಂದದ್ದು?"

ಡಾಕ್ಟರು ನನ್ನ ಕಡೆ ತಿರುಗಿ, "ಏನಂತಾರೆ ಅಮ್ಮ?" ಎಂದರು. ನಾನು ಎಂಟನೆಯವರೆಗೆ ಓದಿದವಳು, ಕನ್ನಡ ಬರುತ್ತಿತ್ತು. "ಕುಳಿತುಕೊಳ್ಳಿ ಅಂತ ಹೇಳ್ತಾರೆ," ಎಂದೆ. ಮಾಮಿಗೆ ಕನ್ನಡ ಆಡಲು ಬೇಸರವೇ ಹೊರತು ಅರ್ಥವಾಗದೆ ಇರುತ್ತಿರಲಿಲ್ಲ. ಮೂಗಿನಲ್ಲೇ ನಕ್ಕರು.

ಡಾಕ್ಟರು ಕಾಟಿಯ ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು, ಹೊಟ್ಟೆ ಬಡಿದು ಕೇಳಿದರು, ಸಗಣಿಯನ್ನು ಒಂದು ಡಬ್ಬಿಗೆ ತುಂಬಿಕೊಂಡರು. ಆಮೇಲೆ ನನ್ನನ್ನು ಕೇಳಿದರು: "ಮುತ್ತುಗದ ಮರ ನೋಡಿದ್ದೀರಾ?"

"ನಮ್ಮ ಕಕ್ಕಿಂಜೆಯಲ್ಲಿ ಬೇಕಾದಷ್ಟು ಉಂಟು. ಘಾಟಿಗೆ ಹೋಗುವ ದಾರಿಯಲ್ಲಿ."

"ಬೀಜ ಸಿಗುತ್ತಾ?"

"ಉದುರಿ ಬಿದ್ದದ್ದನ್ನು ಹೆಕ್ಕಿದರೆ ಆಯ್ತು. ನನ್ನ ಅಪ್ಪನಿಗೆ ಹೇಳಿ ಕಳಿಸ್ತೇನೆ."

ನಾನು ಈ ಕೆಲಸದೊಳಗೆ ಸೇರಿಕೊಂಡದ್ದು ಹೀಗೆ. ಮುತ್ತುಗದ ಬೀಜ ಹುಳಕ್ಕೆ ಒಳ್ಳೆಯದೆಂದು ಪಂಡಿತರು ಹಿಂದಿನಿಂದ ಹೇಳುತ್ತಾ ಬಂದಿದ್ದಾರೆ, ಆದರೆ ಯಾರೂ ಸರಿಯಾಗಿ ಪರೀಕ್ಷೆ ಮಾಡಿ ತೋರಿಸಿಲ್ಲ ಎಂದರು ಡಾಕ್ಟರು. ಅಪ್ಪ ಅರ್ಧ ಗೋಣಿ ಬೀಜ ಬಸ್ಸಿನ ಮೇಲೆ ಹಾಕಿ ಕಳಿಸಿದರು. ಡಾಕ್ಟರು ಅದನ್ನು ನೆನೆಸಿ, ಸಿಪ್ಪೆ ತೆಗೆದು, ಒಣಗಿಸಿ ಪುಡಿ ಮಾಡಿ, ಸ್ಪಿರಿಟ್ಟಿನಲ್ಲಿ ಅದ್ದಿಟ್ಟು ಸಾರ ತೆಗೆದರು. ಕಂದು ಬಣ್ಣದ ಅಂಟು. ಬೆರಳಿಗೆ ಹತ್ತಿದರೆ ಸಾಬೂನು ಹಾಕಿದರೂ ಹೋಗುತ್ತಿರಲಿಲ್ಲ.

ಊರಿನಲ್ಲಿ ಆ ಹೊತ್ತಿಗೆ ಕಾಟಿಯ ವಯಸ್ಸಿನ ಹತ್ತು ಹನ್ನೆರಡು ಕರುಗಳಿದ್ದವು, ಎಲ್ಲದರ ಹೊಟ್ಟೆಯಲ್ಲೂ ಹುಳ. ಡಾಕ್ಟರು ಎರಡು ಬಗೆಯ ಬಾಟ್ಲಿ ತಂದರು. ಕೆಲವಕ್ಕೆ ಕುತ್ತಿಗೆಯಲ್ಲಿ ಕೆಂಪು ದಾರ, ಕೆಲವಕ್ಕೆ ಬಿಳಿ ದಾರ. ಕರುವಿನ ಕೊರಳಿಗೂ ಅದೇ ಬಣ್ಣದ ದಾರ ಕಟ್ಟಿದರು. ಒಂದು ಬಣ್ಣದ್ದರಲ್ಲಿ ಮುತ್ತುಗದ ಸಾರ ಬೆರೆಸಿದ ಬೆಲ್ಲದ ನೀರು, ಇನ್ನೊಂದರಲ್ಲಿ ಬರೀ ಬೆಲ್ಲದ ನೀರು. ನೋಡಲು ಒಂದೇ ತರ ಇರಲಿ ಎಂದು ಬೆಲ್ಲವನ್ನು ಕರಿಯಾಗುವಷ್ಟು ಕಾಯಿಸಿದ್ದರು. ಯಾವುದು ಯಾವುದೆಂದು ನನಗೂ ಹೇಳಲಿಲ್ಲ. ಕಾಟಿಗೆ ಬಿಳಿ ದಾರ ಬಂತು.

ಮಾಮಿಗೆ ಇದು ತಿಳಿದಾಗ ವೀಳ್ಯ ಉಗುಳಿ ಬಂದು ಕೂತರು.

"ಅರ್ಧ ಕರುಗಳಿಗೆ ನೀರು ಕುಡಿಸಿ ಸಾಯ್ತವಾ ಅಂತ ನೋಡ್ಲಿಕ್ಕೆ ಇವನಿಗೆ ಸರಕಾರ ಸಂಬಳ ಕೊಡ್ತದಾ? ಕೇಳು."

ನಾನು ಸ್ವಲ್ಪ ಮೆತ್ತಗೆ ಮಾಡಿ ಕೇಳಿದೆ. ಡಾಕ್ಟರಿಗೆ ಮುಖ ನೋಡಿಯೇ ಗೊತ್ತಾಗಿರಬೇಕು. "ಸಾಯೋಕೆ ಬಿಡಲ್ಲ ಅಮ್ಮ. ಯಾವ ಕರುವಿಗಾದ್ರೂ ಜೋರಾದ್ರೆ ನನ್ನ ಹತ್ರ ಪರದೇಶದ ಬಿಳಿ ಪುಡಿ ಸ್ವಲ್ಪ ಇದೆ, ಕೊಡ್ತೀನಿ. ಆದ್ರೆ ಎಲ್ಲದಕ್ಕೂ ನನ್ನ ಮದ್ದೇ ಕೊಟ್ಟುಬಿಟ್ರೆ, ಮದ್ದಿಂದ ಬದುಕಿತೋ ತಾನಾಗೇ ಬದುಕಿತೋ ಹೇಗೆ ಗೊತ್ತಾಗುತ್ತೆ?"

ಮಾಮಿ ಈ ಸಲ ತಾನೇ ಕನ್ನಡದಲ್ಲಿ, ಒಂದೊಂದೇ ಮಾತು ಜೋಡಿಸುತ್ತಾ ಹೇಳಿದರು: "ಬದುಕಿದರೆ ಆಯ್ತಲ್ಲ. ಯಾಕೆ ಗೊತ್ತಾಗ್ಬೇಕು?"

ಮಾಮಿ ಎದ್ದು ಒಳಗೆ ಹೋಗುವಾಗ ನನಗೆ ಮಾತ್ರ ಕೇಳುವ ಹಾಗೆ, "ಆಯ್ತು, ನಿನ್ನ ಅಪ್ಪ ಬೀಜ ಬೇರೆ ಕಳಿಸಿದ್ದಾರೆ. ಕರು ಸತ್ತರೆ ಇವನ ಸೈಕಲನ್ನೇ ನೊಗಕ್ಕೆ ಕಟ್ಟಿ ಗದ್ದೆ ಉಳ್ತೇನೆ," ಎಂದರು.

ನಾನು ಅದನ್ನು ಡಾಕ್ಟರಿಗೆ ಹೇಳಿದೆ. ಅವರು ಜೋರಾಗಿ ನಕ್ಕರು. ಆ ನಗು ನನಗೆ ಚೆನ್ನಾಗಿ ನೆನಪಿದೆ.

ಒಂದು ದಿನ ಅವರು ಕಂಬಳಿಯಲ್ಲಿ ಸುತ್ತಿ ಸೂಕ್ಷ್ಮದರ್ಶಕ ತಂದು ಜಗಲಿಯ ಅಂಚಿನಲ್ಲಿ, ಬೆಳಕು ಬೀಳುವಲ್ಲಿ ಇಟ್ಟರು. ಕಾಟಿಯ ಸಗಣಿಯನ್ನು ಉಪ್ಪುನೀರಿನಲ್ಲಿ ಕದಡಿ, ಮೇಲೆ ತೇಲಿದ ಒಂದು ಹನಿ ಗಾಜಿನ ಮೇಲೆ ಇಟ್ಟು, ನೋಡಿ ಎಂದರು. ದುಂಡನೆಯ ಮೊಟ್ಟೆಗಳು. ದರ್ಜಿಯವರು ಬೆರಳಿಗೆ ಹಾಕುವ ಟೊಪ್ಪಿಯ ಹಾಗೆ ಮೈಮೇಲೆಲ್ಲ ಚುಕ್ಕಿ ಚುಕ್ಕಿ ಗುಳಿ. ಇಷ್ಟು ಚಂದದ್ದು ಕರುವನ್ನು ಕೊಲ್ಲುತ್ತದಾ ಎಂದು ಅನಿಸಿತು. ಹಾಗೆಂದು ಹೇಳಿದೆನೋ, ಬರೀ ಅನಿಸಿತೋ ಈಗ ಗೊತ್ತಿಲ್ಲ.

"ಇದು ಹದಿನೈದು ದಿನದಲ್ಲಿ ಕಡಿಮೆಯಾಗಬೇಕು," ಎಂದರು. "ಕೆಂಪಿನವಕ್ಕೋ ಬಿಳಿಯವಕ್ಕೋ, ಒಂದಕ್ಕೆ ಮಾತ್ರ. ಮೇಲಿನವರು ನಗ್ತಾರೆ ಗಿರಿಜಮ್ಮ. ಎಲೆ, ಬೇರು ಅಂತ ಹೊತ್ತು ಕಳೀಬೇಡ ಅಂತಾರೆ. ಈ ಒಂದು ಮಳೆಗಾಲ ಬಿಟ್ಟುಕೊಟ್ಟಿದ್ದಾರೆ. ಎರಡಕ್ಕೂ ಇರೋ ವ್ಯತ್ಯಾಸ ತೋರಿಸಿದ್ರೆ ಪ್ರತಿ ದನದ ಆಸ್ಪತ್ರೆಯಲ್ಲೂ ಈ ಮದ್ದು ಮಾಡಿ ಇಡಬಹುದು. ಪರದೇಶದ ಪುಡಿಗೆ ಕಾಯಬೇಕಾಗಿಲ್ಲ. ಮರ ನಿಮ್ಮಲ್ಲೇ ಇದೆ."

ಅವರು ಹಾಕಿದ ಶರತ್ತು ಒಂದೇ. ಕೊನೆಯ ಸಗಣಿ ನೋಡುವವರೆಗೆ ಹುಳಕ್ಕೆಂದು ಬೇರೆ ಯಾವ ಮದ್ದನ್ನೂ ಯಾವ ಮನೆಯವರೂ ಕೊಡಬಾರದು. ನಾನು ಮನೆ ಮನೆಗೆ ಹೋಗಿ ಹೇಳಿದೆ. ಎಲ್ಲರೂ ಒಪ್ಪಿದರು.

ಬಾಟ್ಲಿ ಶುರುವಾಗಿ ಎರಡು ದಿನವಾಗಿತ್ತೋ ಏನೋ, ಕೊಡೆ ಹಿಡಿದು ಅಪ್ಪ ಬಂದರು. ಆಟಿ ತಿಂಗಳು, ಎಂದರೆ ತುಳುವರ ಆಷಾಢ, ಬಂದಿತ್ತು. ಮದುವೆಯಾದ ಮೊದಲ ಆಟಿಯಲ್ಲಿ ಹೆಣ್ಣು ತವರಿಗೆ ಹೋಗಿ ಕೂರುವುದು ನಮ್ಮ ಕಡೆಯ ಪದ್ಧತಿ. ಹೊರಡುವ ಹೊತ್ತಿಗೆ ಡಾಕ್ಟರು ಸೈಕಲ್ಲಿನಲ್ಲಿ ಎದುರಾದರು.

"ಈಗಲೇ ಹೋಗಬೇಕಾ? ಒಂದು ಎರಡು ವಾರ ತಡ ಮಾಡೋಕಾಗಲ್ವಾ?"

"ಆಟಿ ಮುಗಿದ ಮೇಲೆ ಹೋದರೆ ಅದು ಆಟಿಗೆ ಹೋದ ಹಾಗೆ ಆಗ್ತದಾ?" ಎಂದರು ಅಪ್ಪ. ಡಾಕ್ಟರು ಸೈಕಲ್ಲನ್ನು ಬದಿಗೆ ಸರಿಸಿ ದಾರಿ ಬಿಟ್ಟರು.

ನಾನು ನೋಡಿಕೊಳ್ಳುತ್ತಿದ್ದ ಬಾಟ್ಲಿಗಳ ಕೆಲಸ ಮಾಮಿಗೆ ಹೋಯಿತು. ಅವರಿಗೆ ಓದು ಬರುವುದಿಲ್ಲವಲ್ಲ ಎಂದು ಡಾಕ್ಟರಿಗೆ ಚಿಂತೆ. "ಕೆಂಪು ಬಿಳಿ ನೋಡ್ಲಿಕ್ಕೆ ಶಾಲೆಗೆ ಹೋಗ್ಬೇಕಾ?" ಎಂದರು ಮಾಮಿ. ಅವರು ಆ ಕೆಲಸವನ್ನು ಒಂದು ದಿನವೂ ತಪ್ಪಿಸದೆ, ಒಂದು ಬಾಟ್ಲಿಯನ್ನೂ ಅದಲು ಬದಲು ಮಾಡದೆ ಮಾಡಿದರು. ಇದನ್ನು ನಾನು ಒತ್ತಿ ಹೇಳಬೇಕು.

ಕಕ್ಕಿಂಜೆಯಲ್ಲಿ ಒಂದು ತಿಂಗಳು ತಿಂದು, ಮಲಗಿ, ಮಳೆ ನೋಡಿದೆ. ನಡುವೆ ಆಟಿ ಅಮಾವಾಸ್ಯೆ ಬಂತು. ಆ ದಿನ ತುಳುನಾಡಿನ ಮನೆಮನೆಯಲ್ಲೂ ಪಾಲೆ ಮರದ ತೊಗಟೆಯ ಕಷಾಯ ಕುಡಿಯಬೇಕು. ಬೆಳಕು ಹರಿಯುವ ಮೊದಲೇ ಅಪ್ಪ ಹೋಗಿ, ಕತ್ತಿ ತಾಗಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ತಂದರು. ಅಮ್ಮ ಅದನ್ನು ಓಮ, ಕರಿಮೆಣಸು, ಬೆಳ್ಳುಳ್ಳಿ ಹಾಕಿ ಅರೆದು ರಸ ಹಿಂಡಿ, ಬೆಂಕಿಯಲ್ಲಿ ಕಾದ ಬಿಳಿ ಕಲ್ಲನ್ನು ಅದರೊಳಗೆ ಹಾಕಿದರು. ಚೊಯ್ ಎಂದಿತು. ನಾವೆಲ್ಲ ಮೂಗು ಹಿಡಿದು ಕುಡಿದೆವು, ಮೇಲೆ ಮೆಂತೆ ಗಂಜಿ ಉಂಡೆವು. ಆ ಕಹಿ ಮಧ್ಯಾಹ್ನದವರೆಗೂ ನಾಲಗೆಯಲ್ಲಿತ್ತು. ಕಾಟಿಯ ನೆನಪು ನನಗೆ ಆ ದಿನ ಬರಲೇ ಇಲ್ಲ. ಬರುವುದಕ್ಕೆ ಕಾರಣವೂ ಇರಲಿಲ್ಲ. ನಮ್ಮ ಕಕ್ಕಿಂಜೆಯ ಮನೆಯಲ್ಲಿ ಕಷಾಯ ಮನುಷ್ಯರಿಗೆ ಮಾತ್ರ.

ಆಟಿ ಮುಗಿಸಿ ವಾಪಸು ಬಂದಾಗ ಮೊದಲು ಓಡಿದ್ದು ಹಟ್ಟಿಗೆ. ಕಾಟಿ ನನ್ನನ್ನು ಗುರುತಿಸದೆ ಹಾಯಲು ಬಂತು. ಹೊಟ್ಟೆ ಇಳಿದಿತ್ತು, ಮೈ ಎಣ್ಣೆ ಹಚ್ಚಿದ ಹಾಗೆ ಮಿನುಗುತ್ತಿತ್ತು. ಆಗ ನಾನು ಅಂದುಕೊಂಡೆ: ಬಿಳಿ ದಾರವೇ ಮದ್ದು. ಡಾಕ್ಟರಿಗೆ ಎಷ್ಟು ಸಂತೋಷವಾಗಬಹುದು ಎಂದು ನೆನೆದು ನನಗೇ ನಗು ಬರುತ್ತಿತ್ತು.

ಕೊನೆಯ ಸಗಣಿ ನೋಡಲು ನಾನು ಬರುವುದನ್ನೇ ಕಾದಿದ್ದ ಅವರು ಮರುದಿನವೋ ಅದರ ಮರುದಿನವೋ ಬಂದರು. ಇಬ್ಬರೂ ಮನೆ ಮನೆ ತಿರುಗಿ ಸಗಣಿ ತಂದೆವು. ಕೆಂಪು ದಾರದ ಕರುಗಳು ಚೆನ್ನಾಗಿದ್ದವು. ಬಿಳಿ ದಾರದವೂ ಚೆನ್ನಾಗಿದ್ದವು. ಅವರು ದಾರಿಯಲ್ಲಿ ಮಾತು ಕಡಿಮೆ ಮಾಡಿದರು. ಜಗಲಿಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತವರು ಊಟಕ್ಕೂ ಏಳಲಿಲ್ಲ. ಕೆಲವು ಸಗಣಿಯನ್ನು ಎರಡೆರಡು ಸಲ ಕದಡಿದರು. ಕೊನೆಗೆ ಕಣ್ಣು ಉಜ್ಜಿಕೊಂಡು, "ಗಿರಿಜಮ್ಮ, ಇನ್ನೊಂದು ಸಲ ಎಲ್ಲ ಮನೆಗೂ ಹೋಗಿ ಬರೋಣ," ಎಂದರು.

ಹೋದೆವು. ಪ್ರತಿ ಮನೆಯಲ್ಲೂ ಅವರು ಅದನ್ನೇ ಕೇಳಿದರು, ನಾನು ಅದನ್ನೇ ತುಳುವಿನಲ್ಲಿ ಹೇಳಿದೆ: ಹುಳಕ್ಕೆಂದು ಬೇರೆ ಯಾರಿಂದಾದರೂ ಏನಾದರೂ ತಂದು ಕೊಟ್ಟಿದ್ದೀರಾ? ಇಲ್ಲ. ಪಂಡಿತರ ಹತ್ತಿರ ಹೋಗಿದ್ದಿರಾ? ಇಲ್ಲ. ಬಾಟ್ಲಿ ಅದಲು ಬದಲಾಗಿದೆಯಾ? ಇಲ್ಲ. ನೆರೆಮನೆಯ ಕಾರ್ಮಿನ್ ಬಾಯಿಗಂತೂ ಸಿಟ್ಟು ಬಂತು. "ನಾವು ಮಾತು ಕೊಟ್ಟ ಮೇಲೆ ಕೊಟ್ಟದ್ದೇ ಡಾಕ್ಟ್ರೇ. ಬೇಕಾದರೆ ಇಗರ್ಜಿಗೆ ಬಂದು ಶಿಲುಬೆ ಮುಟ್ಟಿ ಹೇಳ್ತೇನೆ." ಅವರು ಯಾರೂ ಸುಳ್ಳು ಹೇಳಲಿಲ್ಲ.

ವಾಪಸು ಬಂದು ಡಾಕ್ಟರು ಜಗಲಿಯ ಮೆಟ್ಟಿಲಲ್ಲಿ ಕೂತರು. ಮಳೆ ಬಿಟ್ಟಿತ್ತು. "ಕೆಂಪು ದಾರ ಮುತ್ತುಗ. ಬಿಳಿ ದಾರ ಬರೀ ಬೆಲ್ಲದ ನೀರು," ಎಂದರು. "ಎರಡರಲ್ಲೂ ಮೊಟ್ಟೆ ಇಲ್ಲ ಅನ್ನೋವಷ್ಟು ಕಡಿಮೆ."

"ಅಂದರೆ?"

"ಅಂದ್ರೆ ನನ್ನ ಮದ್ದು ಕುಡಿದದ್ದಕ್ಕೂ ಕುಡೀದೆ ಇದ್ದದ್ದಕ್ಕೂ ವ್ಯತ್ಯಾಸ ಇಲ್ಲ. ಬೆಲ್ಲದ ನೀರಿಗೆ ಹುಳ ಹೋಗುತ್ತೆ ಅಂತ ಬರೆದು ಕಳಿಸಲಾ?"

ಮಾಮಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಅವರಿಗೆ ಇದರಲ್ಲಿ ದುಃಖ ಪಡುವುದು ಏನೆಂದೇ ತಿಳಿಯಲಿಲ್ಲ. "ಎಲ್ಲವೂ ಬದುಕಿದವಲ್ಲ ಡಾಕ್ಟ್ರೇ," ಎಂದರು.

"ಬದುಕಿದವು ಅಮ್ಮ. ಅದೇ ತೊಂದ್ರೆ."

ಊರಿಗೆಲ್ಲ ಹಬ್ಬವಾಗಿತ್ತು. ಅಷ್ಟು ಕರುಗಳು ಒಟ್ಟಿಗೆ ಉಳಿದ ಮಳೆಗಾಲ ಯಾರಿಗೂ ನೆನಪಿರಲಿಲ್ಲ. ಮಾಮಿ ಹಲಸಿನ ಹಪ್ಪಳದ ಕಟ್ಟೊಂದನ್ನು ತಂದು ಅವರ ಕೈಚೀಲಕ್ಕೆ ತುರುಕಿ, "ಸೈಕಲ್ ಉಳಿಯಿತು ನಿಮ್ಮದು," ಎಂದರು. ಡಾಕ್ಟರು ನಕ್ಕರು ಎಂದು ನಾನು ತುಂಬ ಜನರಿಗೆ ಹೇಳಿದ್ದೇನೆ. ಈಗ ಅನುಮಾನ. ಹಿಂದೆ ನೊಗದ ಮಾತಿಗೆ ನಕ್ಕ ನಗುವನ್ನೇ ನಾನು ಇಲ್ಲಿಗೆ ತಂದು ಹಾಕಿಕೊಂಡಿರಬೇಕು. ಬೆನ್ನಿನ ಮೇಲೆ ಕೆಸರಿನ ಗೆರೆ ಇತ್ತು. ಅದು ಸುಳ್ಳಲ್ಲ. ಹಿಂದಿನಿಂದ ನೋಡುತ್ತಾ ನಿಂತಿದ್ದೆ.

ಮುಂದಿನ ಆಟಿಗೆ ನನ್ನ ಮಡಿಲಲ್ಲಿ ಮಗುವಿತ್ತು. ಎರಡನೆಯ ಆಟಿಗೆ ತವರಿಗೆ ಹೋಗುವ ಪದ್ಧತಿ ಇಲ್ಲ. ಅಮಾವಾಸ್ಯೆಯ ಬೆಳಿಗ್ಗೆ ಮಾಮಿ ನಮಗೆಲ್ಲ ಕಷಾಯ ಕೊಟ್ಟರು. ಮಗುವಿನ ನಾಲಗೆಗೂ ಒಂದು ತೊಟ್ಟು ಸವರಿದರು. ಆಮೇಲೆ ಉಳಿದದ್ದನ್ನು ಚೆಂಬಿನಲ್ಲಿ ಹಿಡಿದುಕೊಂಡು, ದನಗಳಿಗೆ ಮದ್ದು ಕುಡಿಸುವ ಬಿದಿರಿನ ಗೊಟ್ಟವನ್ನು ಮನೆಯ ಮಾಡಿನ ಸಂದಿಯಿಂದ ಎಳೆದುಕೊಂಡು ಹಟ್ಟಿಯ ಕಡೆ ಹೋದರು.

ನಾನು ಹಿಂದೆಯೇ ಹೋದೆ. ಕಾಟಿಯ ಬಾಯಿ ಎತ್ತಿ ಹಿಡಿದು ಗೊಟ್ಟ ತೂರಿಸುತ್ತಿದ್ದರು.

"ಮಾಮಿ, ಏನು ಅದು?"

"ಕಷಾಯ. ಇವತ್ತು ಆಟಿ ಅಮಾಸೆ ಅಲ್ವಾ ಮಾರಾಯ್ತಿ."

"ಇವುಗಳಿಗೂ ಕೊಡ್ತೀರಾ?"

"ಮತ್ತೆ? ಹಟ್ಟಿಯವು ನಮ್ಮ ಮನೆಯವಲ್ವಾ? ನಾವು ಕುಡಿದು ಇವನ್ನು ಬಿಟ್ಟರೆ ವರ್ಷ ಇಡೀ ಒಳ್ಳೆದಾಗ್ತದಾ?"

"ಹೋದ ವರ್ಷ?"

"ಹೋದ ವರ್ಷವೂ. ಅದರ ಹಿಂದಿನ ವರ್ಷವೂ. ನನ್ನ ಅತ್ತೆಯ ಕಾಲದಿಂದಲೂ."

"ಬೇರೆ ಮನೆಗಳಲ್ಲಿ?"

"ಎಲ್ಲ ಮನೆಯಲ್ಲಿ. ಕಾರ್ಮಿನ್ ಬಾಯಿಗೆ ತೊಗಟೆ ಇಲ್ಲಿಂದಲೇ ಹೋಗುವುದು. ಯಾಕೆ, ನಿನ್ನ ತವರಿನಲ್ಲಿ ಕೊಡುವುದಿಲ್ವಾ?"

ನಾನು ಹಟ್ಟಿಯ ಕಂಬ ಹಿಡಿದು ನಿಂತೆ. ಕೆಂಪು ದಾರದವು, ಬಿಳಿ ದಾರದವು, ಎಲ್ಲವೂ. ಮುತ್ತುಗ ಕುಡಿದವು ಕಷಾಯವನ್ನೂ ಕುಡಿದಿದ್ದವು. ಬರೀ ಬೆಲ್ಲದ ನೀರು ಕುಡಿದವು ಕಷಾಯವನ್ನೂ ಕುಡಿದಿದ್ದವು. ಡಾಕ್ಟರು ಹುಳಕ್ಕೆ ಏನಾದರೂ ಕೊಟ್ಟಿರಾ ಎಂದು ಕೇಳಿದಾಗ ಯಾರ ತಲೆಗೂ ಇದು ಬಂದಿರಲಿಲ್ಲ. ಯಾರೂ ಇದನ್ನು ಹುಳಕ್ಕೆ ಕೊಟ್ಟವರಲ್ಲ. ಆ ದಿನಕ್ಕೆಂದು ಕೊಟ್ಟವರು. ದೀಪಾವಳಿಗೆ ಎಣ್ಣೆ ಹಚ್ಚಿದ್ದನ್ನು ಯಾರಾದರೂ ಚರ್ಮದ ಚಿಕಿತ್ಸೆ ಎಂದು ಹೇಳುತ್ತಾರಾ?

ಮಾಮಿಗೆ ಹೇಳಿದೆ. ಅವರು ಗೊಟ್ಟ ತೊಳೆಯುತ್ತಾ ಕೇಳಿಸಿಕೊಂಡರು. "ಹಾಗಾದರೆ ಪಾಪ, ಆ ಹುಡುಗನ ಮದ್ದು ಒಳ್ಳೆಯದೇ ಇದ್ದಿರಬಹುದಾ?" ಎಂದರು. ಇರಬಹುದು ಎಂದೆ. ಗೊಟ್ಟವನ್ನು ಮಾಡಿಗೆ ಸಿಕ್ಕಿಸುತ್ತಾ, "ಅವನು ನನ್ನನ್ನು ಕೇಳಬೇಕಿತ್ತು, ಆಟಿ ಅಮಾಸೆಗೆ ಏನು ಮಾಡ್ತೀರಿ ಅಂತ. ಅವನಿಗೆ ಆಟಿಯೇ ಗೊತ್ತಿಲ್ಲ, ಹೇಗೆ ಕೇಳ್ತಾನೆ," ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು.

ಮಳೆ ಸ್ವಲ್ಪ ಕಡಿಮೆಯಾದ ದಿನ ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಪೇಟೆಯ ದನದ ಆಸ್ಪತ್ರೆಗೆ ಹೋದೆ. ಪುಟ್ಟಸ್ವಾಮಿ ಡಾಕ್ಟರು ಇರಲಿಲ್ಲ. ಕೆಲಸವನ್ನೇ ಬಿಟ್ಟು ಹೋಗಿದ್ದರಂತೆ. ಎಲ್ಲಿಗೆ ಎಂದು ಯಾರಿಗೂ ಗೊತ್ತಿರಲಿಲ್ಲ. ಹೊಸಬರು ನನ್ನ ಮಾತನ್ನು ಅರ್ಧ ಕೇಳಿ, "ಆ ಬೀಜದ ಕೆಲಸ ಎಲ್ಲ ನಿಂತುಹೋಯ್ತಮ್ಮ," ಎಂದು ಒಳಗೆ ಹೋದರು. ಕಿಟಕಿಯ ಮೇಲೆ ಬಾಟ್ಲಿಗಳ ಸಾಲು ಇತ್ತು. ಅದರಲ್ಲಿ ಒಂದರ ಕುತ್ತಿಗೆಯಲ್ಲಿ ಕೆಂಪು ದಾರ ಇನ್ನೂ ಇತ್ತು. ಒಳಗೆ ಫಿನಾಯಿಲ್ ತುಂಬಿದ್ದರು.

ಆ ಚಳಿಗಾಲದಲ್ಲಿ ಎಮ್ಮೆ ಮತ್ತೊಂದು ಗಂಡು ಕರು ಹಾಕಿತು. ಕಾಟಿಗೆ ಜೊತೆಯಾಗುತ್ತದೆ ಎಂದು ನಮ್ಮವರು ಆಸೆ ಪಟ್ಟಿದ್ದರು. ಸಗಣಿ ಬೆಳ್ಳಗಾಯಿತು. ನಮ್ಮವರು ಎರಡು ಸಲ ಪೇಟೆಗೆ ಹೋದರು, ಪರದೇಶದ ಪುಡಿ ಬಂದಿರಲಿಲ್ಲ. ಪಾಲೆಯ ತೊಗಟೆ ತನ್ನಿ ಎಂದು ನಾನು ಹೇಳಿದೆ. ಮಾಮಿ ಬಿಡಲಿಲ್ಲ. ಆ ಮರದಲ್ಲಿ ಮದ್ದು ತುಂಬುವುದು ವರ್ಷಕ್ಕೆ ಒಂದೇ ದಿನ, ಉಳಿದ ದಿನ ಮುಟ್ಟಿದರೆ ವಿಷ ಎಂದು ಅವರ ನಂಬಿಕೆ. ಅದು ತಪ್ಪು ಎಂದು ಹೇಳಲು ನನ್ನ ಹತ್ತಿರ ಏನಿತ್ತು? ಮುತ್ತುಗದ ಬೀಜ ಆ ಕಾಲದಲ್ಲಿ ಸಿಗುವುದಿಲ್ಲ, ಸಿಕ್ಕಿದರೂ ಎಷ್ಟು ಕೊಡಬೇಕೆಂದು ಹೇಳುವವರಿಲ್ಲ. ಎರಡು ಮದ್ದುಗಳ ನಡುವೆ ಕೂತು ಕರು ಸಾಯುವುದನ್ನು ನೋಡಿದೆವು. ಅದಕ್ಕೆ ಇನ್ನೂ ಹೆಸರು ಇಟ್ಟಿರಲಿಲ್ಲ.

ನಾಲ್ಕೈದು ವರ್ಷ ಕಳೆದಿರಬೇಕು. ಚಿಕ್ಕವನಿಗೆ ಕಿವಿ ನೋವೆಂದು ಮಂಗಳೂರಿಗೆ ಹೊರಟವಳು ಬಂಟ್ವಾಳದ ನೆಂಟರ ಮನೆಯಲ್ಲಿ ಉಳಿದು, ಬೆಳಿಗ್ಗೆ ಬಿ.ಸಿ.ರೋಡಿನಲ್ಲಿ ಬಸ್ಸು ಕಾಯುತ್ತಿದ್ದೆ. ಹಿಂದಿನಿಂದ ಯಾರೋ, "ಕಕ್ಕಿಂಜೆ ಗಿರಿಜಮ್ಮ ಅಲ್ವಾ?" ಎಂದರು.

ಬಿಳಿ ಅಂಗಿ, ಕೈಯಲ್ಲಿ ಚರ್ಮದ ದೊಡ್ಡ ಚೀಲ. ಪುಟ್ಟಸ್ವಾಮಿ ಡಾಕ್ಟರು. ಸ್ವಲ್ಪ ದಪ್ಪಗಾಗಿದ್ದರು. ಒಂದು ಮದ್ದಿನ ಕಂಪೆನಿಯಲ್ಲಿ ಇದ್ದಾರಂತೆ, ಊರೂರು ತಿರುಗಿ ದನದ ಆಸ್ಪತ್ರೆಗಳಿಗೆ ಮಾತ್ರೆ ತೋರಿಸುವ ಕೆಲಸ. ಪುತ್ತೂರಿಗೆ ಹೊರಟಿದ್ದರು. ಮಾಮಿಯನ್ನು ವಿಚಾರಿಸಿದರು, ಹಪ್ಪಳ ಒಂದು ವರ್ಷ ಬಂತು ಎಂದರು. ಸಂತೋಷದಲ್ಲೇ ಇದ್ದರು. ಅದನ್ನು ನಾನು ನೋಡಿದೆ. ನೋಡಿಯೂ ಹೇಳಿದೆ. ಇಷ್ಟು ವರ್ಷ ಹೇಳಲು ಆಗದೆ ಉಳಿದದ್ದು ಒಂದೇ ಉಸಿರಿನಲ್ಲಿ ಬಂತು.

ಅವರು ಚೀಲವನ್ನು ಕೆಳಗಿಟ್ಟರು. "ಯಾವ ತೊಗಟೆ?"

"ಪಾಲೆ. ಕನ್ನಡದಲ್ಲಿ ಹಾಲೆ ಮರ ಅಂತಾರೆ."

"ಎಲ್ಲ ಕರುಗಳಿಗೂ?"

"ಎಲ್ಲವಕ್ಕೂ. ಆಟಿ ಅಮಾವಾಸ್ಯೆಯ ದಿನ."

ಕಂಡಕ್ಟರುಗಳು ಊರುಗಳ ಹೆಸರು ಕೂಗುತ್ತಿದ್ದರು. ಆಮೇಲೆ, "ಆ ದಿನ ನಾನು ಮೂಡಬಿದ್ರೆಯಲ್ಲೇ ಇದ್ದೆ," ಎಂದರು. "ನನ್ನ ರೂಮಿನ ಕೆಳಗಿನ ಹೋಟೆಲಿನವರು ಬೆಳಿಗ್ಗೆ ಒಂದು ಲೋಟ ತಂದುಕೊಟ್ಟರು. ಕುಡೀರಿ ಸಾರ್, ಇವತ್ತು ಕುಡೀಬೇಕು ಅಂದ್ರು. ಬಾಯಿಗೆ ಹಾಕಿದೆ. ಅಂಥಾ ಕಹಿ. ಕಿಟಕಿಯಿಂದ ಆಚೆ ಉಗುಳಿಬಿಟ್ಟೆ. ಏನದು ಅಂತ ಕೇಳಲಿಲ್ಲ."

ನಾನು ಚಿಕ್ಕವನ ಕಿವಿಗೆ ಸೆರಗು ಮುಚ್ಚಿದೆ.

"ನನ್ನ ಬಾಯಿಗೇ ಬಂದಿತ್ತಲ್ಲ ಗಿರಿಜಮ್ಮ."

"ನಿಮ್ಮ ಮುತ್ತುಗವೂ ಕೆಲಸ ಮಾಡಿರ್ಬಹುದಲ್ಲ ಡಾಕ್ಟ್ರೇ."

"ಮಾಡಿರ್ಬಹುದು. ಇಲ್ಲ, ಎರಡೂ ಮಾಡದೇ ಇರ್ಬಹುದು. ಬೆಳೀತಾ ಬೆಳೀತಾ ಕೆಲವು ಕರುಗಳು ತಾವಾಗೇ ಹುಳ ಕಳ್ಕೊಳ್ತವೆ. ಈಗ ಯಾವ್ದನ್ನೂ ಹೇಳೋಕಾಗಲ್ಲ."

"ಇನ್ನೊಂದು ಸಲ ನೋಡುವ. ಬೀಜ ನಾನು ತರಿಸಿ ಕೊಡ್ತೇನೆ. ಆಟಿ ಬಿಟ್ಟು ಬೇರೆ ತಿಂಗಳಲ್ಲಿ."

ಅವರು ಚೀಲದ ಕಡೆ ನೋಡಿದರು. "ಈಗ ಇದರ ಸಂಬಳ ನನಗೆ," ಎಂದರು. ಆಮೇಲೆ ನನ್ನನ್ನು ನೋಡದೆ ಹೇಳಿದರು: "ಮದ್ದು ಪ್ರಯೋಜನಕ್ಕೆ ಬರಲಿಲ್ಲ, ಬಿಟ್ಟೆ ಅಂತ ಇಷ್ಟು ವರ್ಷ ನೆಮ್ಮದಿಯಾಗಿದ್ದೆ ಕಣಮ್ಮ."

ಪುತ್ತೂರಿನ ಬಸ್ಸು ಬಂತು. ಅವರು ಹತ್ತಿ ಕಿಟಕಿಯ ಹತ್ತಿರ ಕೂತರು. ಬಸ್ಸು ಹೊರಡುವ ಹೊತ್ತಿಗೆ ತಲೆ ಹೊರಗೆ ಹಾಕಿ, "ನಿಮ್ಮ ಕರು ಏನಾಯ್ತು? ಆ ಕಾಟಿ?" ಎಂದು ಕೇಳಿದರು.

"ಉಳ್ತಾ ಉಂಟು ಡಾಕ್ಟ್ರೇ. ಊರಲ್ಲೇ ಅಂಥ ಕೋಣ ಇಲ್ಲ."

"ಅದು ಬಿಳಿ ದಾರದ್ದು," ಎಂದರು.

ಬಸ್ಸು ಹೋಯಿತು. ಹೋಗುವಾಗ ಅವರು ಕೈಬೀಸಿ ನಕ್ಕರು, ನನಗೆ ಹೇಳಿದ್ದು ಒಳ್ಳೆಯದಾಯಿತು ಎಂದರು ಎಂದು ನಾನು ಮಕ್ಕಳಿಗೆ ಹೇಳುತ್ತಾ ಬಂದಿದ್ದೆ. ಕಥೆ ಹಾಗೆ ಮುಗಿದರೆ ಕೇಳುವವರಿಗೂ ಹಿತ, ಹೇಳುವವಳಿಗೂ ಹಿತ. ಬರೆಯಲು ಕೂತಾಗ ಮಾತ್ರ ಆ ನಗು ಬರುತ್ತಿಲ್ಲ, ಆ ಮಾತೂ ಬರುತ್ತಿಲ್ಲ. ಕಿಟಕಿಯಿಂದ ತಲೆ ಒಳಗೆ ಹೋದದ್ದು ಮಾತ್ರ ಬರುತ್ತದೆ. ಮತ್ತೆ ಅವರನ್ನು ನಾನು ನೋಡಲಿಲ್ಲ.

ಹೇಳದೆ ಇದ್ದಿದ್ದರೆ ಎಂದು ಕೆಲವು ಸಲ ಅನಿಸುತ್ತದೆ. ಹೆಸರಿಡದೆ ಹೋದ ಆ ಇನ್ನೊಂದು ಕರುವಿನ ನೆನಪಾದಾಗ, ಹೇಳಿದ್ದು ತೀರ ತಡವಾಯಿತು ಎಂದೂ ಅನಿಸುತ್ತದೆ. ಎರಡು ಅನಿಸಿಕೆಗಳೂ ಒಂದಕ್ಕೊಂದು ಜಾಗ ಬಿಡದೆ ಇಷ್ಟು ವರ್ಷ ಒಟ್ಟಿಗೇ ಇವೆ.

ಮಾಮಿ ಹೋದ ಮೇಲೆ ಆಟಿ ಅಮಾವಾಸ್ಯೆಯ ಗೊಟ್ಟ ನನ್ನ ಕೈಗೆ ಬಂತು. ಹಟ್ಟಿಯಲ್ಲಿ ದನ ಇರುವವರೆಗೂ ನಾನು ಕುಡಿಸಿದ್ದೇನೆ. ಬದುಕಿದರೆ ಆಯ್ತಲ್ಲ, ಯಾಕೆ ಗೊತ್ತಾಗಬೇಕು ಎಂದು ಮಾಮಿ ಕೇಳಿದ್ದು ಪ್ರತಿ ಸಲವೂ ಕಿವಿಯಲ್ಲಿ ಇರುತ್ತಿತ್ತು. ಕರುವಿನ ಬಾಯಿ ಎತ್ತಿ ಹಿಡಿದಾಗ ನನ್ನ ಕಣ್ಣು ಅದರ ಕೊರಳಿಗೆ ಹೋಗುತ್ತಿತ್ತು, ಅಲ್ಲಿ ದಾರ ಇದೆಯೋ ಎಂದು.